ಸೌಟು ಹಿಡಿದು ಗುಂಡಿಯ ಹಿಂದೆ

ಕೆಲವರ ಮನೆಗೆ ನೆಂಟರು ಬಂದು ಬಂದು ಹೋಗುತ್ತಾರೆ. ನಮ್ಮ ಮನೆಗೆ ಒಂದು ನಾಯಿಮರಿಯ ಮೂತ್ರದ ಸೋಂಕು ಬಂದು ಬಂದು ಹೋಗುತ್ತಿತ್ತು. ಬಂದಾಗಲೆಲ್ಲ ಜೊತೆಗೊಂದು ತಮಾಷೆಯನ್ನೂ ಕರೆದುಕೊಂಡೇ ಬರುತ್ತಿತ್ತು. ಆಗ ಅದು ತಮಾಷೆ ಅಂತ ನನಗೆ ಅನ್ನಿಸಿರಲಿಲ್ಲ, ಆ ಮಾತು ಬೇರೆ.

ನಾನು ಆರ್‌ಪಿಸಿ ಲೇಔಟ್‌ನಲ್ಲಿ ಬ್ಲೌಸ್ ಹೊಲಿಯುವವಳು. ಬಾಡಿಗೆ ಮನೆ, ಮೊದಲ ಮಹಡಿ, ಮುಂದಿನ ಕೋಣೆಯೇ ಅಂಗಡಿ. ಒಂದು ಬೆಳಿಗ್ಗೆ ಮೆಟ್ರೋ ಸ್ಟೇಷನ್ ಕೆಳಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನಲ್ಲಿ, ಕಾಲಿಡುವ ಜಾಗದಲ್ಲಿ, ಒಂದು ನಾಟಿ ಹೆಣ್ಣುಮರಿ ಮಲಗಿತ್ತು. ಇಳಿ ಅಂದೆ, ಇಳಿಯಲಿಲ್ಲ. ಗದರಿದೆ, ಆಕಳಿಸಿತು. ನನಗೆ ಹಟಮಾರಿಗಳನ್ನು ಕಂಡರೆ ಇಷ್ಟ. ಮನೆಗೆ ತಂದೆ. ಕಣ್ಣೆರಡೂ ಶರ್ಟಿನ ಕಪ್ಪು ಗುಂಡಿಯ ಹಾಗಿದ್ದವು, ಗುಂಡಿ ಅಂತಲೇ ಹೆಸರಿಟ್ಟೆ.

ಬಂದ ತಿಂಗಳಲ್ಲೇ ಶುರುವಾಯಿತು. ಹತ್ತು ನಿಮಿಷಕ್ಕೊಮ್ಮೆ ಕೂರುವುದು, ಎರಡು ಹನಿ ಬಿಡುವುದು, ಕುಂಯ್ ಎನ್ನುವುದು. ನಾಗರಬಾವಿಯ ಪ್ರಾಣಿವೈದ್ಯರು ಮೂತ್ರದ ಸೋಂಕು ಅಂದರು. ಮಾತ್ರೆ ಕೊಟ್ಟರು, ಹೋಯಿತು. ಮೂರು ವಾರಕ್ಕೆ ಮತ್ತೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಆ ಎರಡೆರಡು ಹನಿ ಬೀಳುತ್ತಿದ್ದದ್ದು ಮೆಟ್ಟಿಲ ಮೇಲೆ. ಮೆಟ್ಟಿಲ ಕೆಳಗೆ ಓನರ್ ಆಂಟಿಯ ಮನೆ. ಮಡಿ, ಪೂಜೆ, ದಿನಕ್ಕೆರಡು ಸಲ ಬಾಗಿಲು ತೊಳೆಯುವ ಹೆಂಗಸು. ಮೂರನೆಯ ಸಲ ಸೋಂಕು ಬಂದಾಗ ಅವರು ಮೇಲೆ ಹತ್ತಿ ಬಂದು ಖಡಾಖಂಡಿತವಾಗಿ ಹೇಳಿದರು.

"ನೋಡಮ್ಮ, ಶ್ರಾವಣ ಸೋಮವಾರ ನಮ್ಮನೇಲಿ ದೊಡ್ಡ ಪೂಜೆ ಇದೆ. ಅಷ್ಟರೊಳಗೆ ಆ ಮರೀನ ಎಲ್ಲಾದ್ರೂ ಬಿಟ್ಟು ಬನ್ನಿ."

"ಕಾಯಿಲೆ ಮರೀನ ಎಲ್ಲಿ ಬಿಡ್ಲಿ ಆಂಟಿ? ಅದು ಹೋದ್ರೆ ನಾವೂ ಹೋಗ್ತೀವಿ. ಟು-ಲೆಟ್ ಬೋರ್ಡ್ ಬರೆಸಿ. ನಿಮ್ಮ ಪೂಜೆ ಬ್ಲೌಸ್‌ಗೆ ಇನ್ನೂ ಒಂದೇ ತೋಳು ಇಟ್ಟಿದೀನಿ, ಹಾಗೇ ಹಾಕ್ಕೊಳ್ಳಿ."

ನನ್ನ ಯಜಮಾನರು ಒಳಗಿನಿಂದ ಜೋರಾಗಿ ಕೆಮ್ಮಿದರು. ನಾನು ಕೇಳಿಸಿಕೊಳ್ಳಲಿಲ್ಲ. ಬಾಯಿಗೇನೋ ಧೈರ್ಯ ಬಂದಿತ್ತು, ಆದರೆ ಮನೆ ಬಿಡುವುದು ಸುಲಭವಿರಲಿಲ್ಲ. ಹನ್ನೊಂದು ವರ್ಷದಿಂದ ಇದ್ದ ಮನೆ, ಎಲ್ಲ ಗಿರಾಕಿಗಳಿಗೂ ಗೊತ್ತಿದ್ದ ವಿಳಾಸ. ಶ್ರಾವಣಕ್ಕೆ ಐದು ವಾರ ಉಳಿದಿತ್ತು. ಅಷ್ಟರಲ್ಲಿ ಗುಂಡಿ ಗುಣವಾಗಬೇಕಿತ್ತು.

೧. ಸಾರಿನ ಸೌಟು

"ಬೆಳಗಿನ ಮೊದಲ ಉಚ್ಚೆ ಬೇಕು. ನೆಲಕ್ಕೆ ಬಿದ್ದಿದ್ದು ಬೇಡ, ಬೀಳೋಕ್ಮುಂಚೆ ಹಿಡೀಬೇಕು" ಅಂದರು ಡಾಕ್ಟರು. ಹೇಳುವುದಕ್ಕೇನು, ಸುಲಭ. ಗುಂಡಿ ಕೂತರೆ ನೆಲಕ್ಕೂ ಅವಳಿಗೂ ನಡುವೆ ನಾಲ್ಕು ಬೆರಳು ಜಾಗ. ಲೋಟ ಹಿಡಿಸುವುದಿಲ್ಲ, ಬಟ್ಟಲು ತೂರುವುದಿಲ್ಲ. ಕೊನೆಗೆ ಉದ್ದ ಹಿಡಿಯ ಹಳೇ ಸಾರಿನ ಸೌಟೊಂದನ್ನು ಕುದಿಸಿ, ತಣಿಸಿ, ಆರು ಗಂಟೆಗೆ ಪಾರ್ಕಿನ ಕಡೆ ಹೊರಟೆ.

ಅವಳು ಕೂತಳು, ನಾನು ಬಗ್ಗಿದೆ. ಅವಳು ತಿರುಗಿ ನೋಡಿದಳು, ಎದ್ದು ಹೋದಳು. ಮುಂದೆ ಅವಳು, ಹಿಂದೆ ಸೊಂಟ ಬಗ್ಗಿಸಿ ಸೌಟು ಚಾಚಿಕೊಂಡ ನಾನು, ಹೀಗೆ ಪಾರ್ಕಿನ ಸುತ್ತ ಎರಡು ಸುತ್ತು ಆಯಿತು. ವಾಕಿಂಗ್ ಬಂದಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ತಡೆಯಲಾರದೆ ನಿಂತರು.

"ಏನಮ್ಮಾ ಇದು, ಬೆಳಿಗ್ಗೆ ಬೆಳಿಗ್ಗೆ?"

"ಉಚ್ಚೆ ಹಿಡೀತಾ ಇದೀನಿ ಸಾರ್. ನೀವು ನೋಡ್ತಾ ನಿಂತ್ರೆ ಅವಳು ಮಾಡಲ್ಲ. ನಡೀರಿ."

ಅವರು ನಡೆದರು, ಗುಂಡಿ ಮಾಡಿದಳು, ಸೌಟು ತುಂಬಿತು. ನಾನು ಖುಷಿ ತಡೆಯಲಾರದೆ "ಸಿಕ್ತು!" ಅಂತ ಕೂಗಿಬಿಟ್ಟೆ. ಮೇಷ್ಟ್ರು ಅಷ್ಟು ದೂರದಿಂದಲೂ ತಿರುಗಿ ನೋಡಿದರು.

ಅವರ ಹೆಂಡತಿ ನನ್ನ ಗಿರಾಕಿ ಅಂತ ಗೊತ್ತಾದದ್ದು ಮರುವಾರ, ಇಬ್ಬರೂ ಬ್ಲೌಸ್ ತೆಗೆದುಕೊಳ್ಳಲು ಬಂದಾಗ. ಬಿಸಿಲಲ್ಲಿ ಬಂದಿದ್ದಾರೆ ಪಾಪ, ಒಂದು ಲೋಟ ಮಜ್ಜಿಗೆ ಕುಡಿಯಿರಿ ಅಂದೆ. ಆಕೆ ಆಗಲಿ ಅಂದರು. ಮೇಷ್ಟ್ರು ಗಾಬರಿಯಿಂದ ಹೆಂಡತಿಯ ಕೈ ಹಿಡಿದು, ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು.

"ಮಜ್ಜಿಗೆ ಪಾತ್ರೆಯಿಂದ ಬಗ್ಗಿಸ್ತೀರೋ, ಸೌಟಲ್ಲಿ ಹಾಕ್ತೀರೋ ಅಮ್ಮಾ?"

೨. ಎಂಟು ಗಂಟೆಯ ಜಗಳ

ಮಾತ್ರೆ ದಿನಕ್ಕೆರಡು. ಇಡ್ಲಿಯೊಳಗೆ ಇಟ್ಟೆ. ಇಡ್ಲಿ ಹೋಯಿತು, ಮಾತ್ರೆ ತಟ್ಟೆಯಲ್ಲಿ ಉಳಿಯಿತು. ಬೆಣ್ಣೆಯಲ್ಲಿ ಸುತ್ತಿ ಕೊಟ್ಟೆ. ಬೆಣ್ಣೆಯನ್ನೆಲ್ಲ ನೆಕ್ಕಿ, ಮಾತ್ರೆಯನ್ನು ತೊಳೆದಷ್ಟು ಚೊಕ್ಕಟ ಮಾಡಿ ನನ್ನ ಕಾಲ ಬಳಿ ಉಗುಳಿದಳು. ಮೊಟ್ಟೆಯಲ್ಲೂ ಅದೇ ಕಥೆ.

ಒಂದು ದಿನ ಯಜಮಾನರ ಕೈಯಿಂದ ಗುಂಡಿಯ ಮಾತ್ರೆ ಜಾರಿ ನೆಲಕ್ಕೆ ಬಿತ್ತು. ಅದು ನನ್ನ ಬಿಪಿ ಮಾತ್ರೆ ಅಂದುಕೊಂಡು ನಾನು "ಅಯ್ಯೋ, ಮುಟ್ಬೇಡ ಕಣೇ, ನಂದು ಅದು!" ಅಂತ ಓಡಿದೆ. ಗುಂಡಿ ಗುಳುಕ್ ಅಂತ ನುಂಗಿದಳು. ನನಗೆ ಅರ್ಥವಾಯಿತು. ಕೊಟ್ಟರೆ ಬೇಡ, ಕಸಿದುಕೊಳ್ಳಬೇಕು. ನನ್ನ ಮರಿಯೇ ಸರಿ.

ಅವತ್ತಿನಿಂದ ದಿನಾ ನಾಟಕ. "ಕೊಡ್ರೀ ನಂದು!" ಅಂತ ನಾನು. "ಕೊಡಲ್ಲ ಕಣೇ, ಏನ್ ಮಾಡ್ತೀಯೋ ಮಾಡು!" ಅಂತ ಅವರು. ಧಡಬಡ ಕಾಲು ಸಪ್ಪಳ, ಮಾತ್ರೆ ಬೇಕಂತಲೇ ನೆಲಕ್ಕೆ, "ಅಯ್ಯಯ್ಯೋ ಹೋಯ್ತಲ್ರೀ!" ಅಂತ ನನ್ನ ಕಿರುಚಾಟ, ಗುಳುಕ್. ಹತ್ತು ದಿನ ಒಂದು ಹೊತ್ತೂ ತಪ್ಪಲಿಲ್ಲ.

ಹನ್ನೊಂದನೆಯ ದಿನ ಓನರ್ ಆಂಟಿ ಮೆಟ್ಟಿಲಲ್ಲಿ ನನ್ನನ್ನು ತಡೆದರು. ದನಿ ತಗ್ಗಿಸಿ ಹೇಳಿದರು, "ನಾಯಿ ವಿಷ್ಯ ಇರಲಿ. ಗಂಡ ಹೆಂಡ್ತಿ ಅಂದ್ಮೇಲೆ ಜಗಳ ಇದ್ದಿದ್ದೇ ಅಮ್ಮ. ಆದ್ರೆ ಬೆಳಿಗ್ಗೆ ಎಂಟು, ಸಂಜೆ ಎಂಟು, ಹೀಗೆ ಟೈಮ್ ಹಾಕ್ಕೊಂಡು ಜಗಳ ಆಡೋರನ್ನ ನಾನು ನಿಮ್ಮನ್ನೇ ನೋಡಿದ್ದು."

೩. ಎಲ್ಲರೂ ಡಾಕ್ಟರೇ

ಮರಿಗೆ ಹುಷಾರಿಲ್ಲ ಅಂತ ಗೊತ್ತಾದರೆ ಬೀದಿಯಲ್ಲಿ ಎಲ್ಲರೂ ಡಾಕ್ಟರಾಗುತ್ತಾರೆ. ಹೂವಿನವಳು ಬಾರ್ಲಿ ನೀರು ಅಂದಳು. ಎದುರು ಮನೆಯವರು ಜೀರಿಗೆ ಕಷಾಯ ಕಳಿಸಿದರು. ಪಾರ್ಸೆಲ್ ತಂದ ಗದಗಿನ ಹುಡುಗ ಹೆಲ್ಮೆಟ್ ಕೂಡ ತೆಗೆಯದೆ, "ಅಕ್ಕಾರ, ದಿನಾ ಒಂದು ಎಳನೀರು ಕುಡಸ್ರಿ, ಎಲ್ಲಾ ತೊಳಕೊಂಡು ಹೊಕ್ಕೈತಿ" ಅಂದ.

ಡಾಕ್ಟರನ್ನು ಕೇಳದೆ ಮರಿಯ ಬಾಯಿಗೆ ಏನೂ ಹಾಕುವುದಿಲ್ಲ ಅಂತ ನನ್ನ ಹಟ. ಪ್ರೀತಿಯಿಂದ ಕಳಿಸಿದ್ದನ್ನು ಚೆಲ್ಲುವುದೂ ಇಲ್ಲ ಅಂತ ಯಜಮಾನರ ಹಟ. ಎಲ್ಲವನ್ನೂ ಅವರೇ ಕುಡಿದರು. ಮರಿಯ ಸೋಂಕು ಇದ್ದಲ್ಲೇ ಇತ್ತು, ಇವರ ಎರಡು ವರ್ಷದ ಉರಿಮೂತ್ರ ಹೋಯಿತು.

೪. ಪೀಚ್ ಕಲರ್

ಮೆಟ್ಟಿಲ ಗಲಾಟೆ ತಪ್ಪಿಸಲು ಚಡ್ಡಿ ಹಾಕೋಣ ಅಂದುಕೊಂಡೆ. ಮಕ್ಕಳ ಡಯಾಪರಿಗೆ ಬಾಲಕ್ಕೆ ತೂತಿರುವುದಿಲ್ಲ. ನಾನೇ ಲೈನಿಂಗ್ ಬಟ್ಟೆಯಲ್ಲಿ ಹೊಲಿದೆ. ಒದ್ದೆಯಾದ ಕೂಡಲೇ ಬದಲಾಯಿಸಬೇಕು, ಇಲ್ಲದಿದ್ದರೆ ಸೋಂಕು ಇನ್ನೂ ಜಾಸ್ತಿಯಾಗುತ್ತದೆ ಅಂತ ಡಾಕ್ಟರು ಎಚ್ಚರಿಸಿದ್ದರಿಂದ ಒಂದಲ್ಲ, ಆರು ಹೊಲಿದೆ. ಬಾಲದ ತೂತಿಗೆ ಮರೂನ್ ಪೈಪಿಂಗ್, ಎರಡು ಬದಿಗೆ ಕಟ್ಟುವ ಲಾಡಿ, ಲಾಡಿ ತುದಿಗೆ ಕುಚ್ಚು. ಹೊಲಿಯುವವಳ ಮನೆ ನಾಯಿ ಅಂದ ಮೇಲೆ ಅಷ್ಟಾದರೂ ಬೇಡವೇ? ಒಗೆದು ಅಂಗಡಿಯ ಕಿಟಕಿಗೆ ಸಾಲಾಗಿ ಒಣಹಾಕಿದ್ದೆ.

ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಿಂದ ಬರುವ ಹುಡುಗಿಯೊಬ್ಬಳು ಅದನ್ನು ಕಂಡು ನಿಂತೇಬಿಟ್ಟಳು. "ಆಂಟಿ, ಈ ಬ್ಲೌಸ್ ಬ್ಯಾಕ್ ಡಿಸೈನ್ ಸಖತ್ತಾಗಿದೆ! ಮಧ್ಯದಲ್ಲಿ ಕೀಹೋಲ್ ಬೇರೆ. ನನ್ನ ಫ್ರೆಂಡ್ ಮದ್ವೆಗೆ ಇದೇ ಬೇಕು."

ನಾನು ಸುಳ್ಳು ಹೇಳುವವಳಲ್ಲ. "ಅದು ನಾಯಿ ಚಡ್ಡಿ ಕಣಮ್ಮ. ಆ ತೂತು ಬಾಲಕ್ಕೆ" ಅಂದೆ.

ಅವಳು ಕಿಟಕಿ ನೋಡಿದಳು, ಗುಂಡಿಯನ್ನು ನೋಡಿದಳು, ಮತ್ತೆ ಕಿಟಕಿ ನೋಡಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

"ಯಾರಿಗೂ ಹೇಳ್ಬೇಡಿ ಆಂಟಿ. ನನಗೆ ಪೀಚ್ ಕಲರಲ್ಲಿ ಹೊಲಿದ್ಕೊಡಿ."

೫. ಶ್ರಾವಣ ಸೋಮವಾರ

ಪೂಜೆಗೆ ಎರಡೇ ದಿನ ಇರುವಾಗ, ಮಾತ್ರೆಗೆ ಹೋಗಿದ್ದ ಸೋಂಕು ನಾಲ್ಕನೆಯ ಸಲ ಬಂತು. ಅವತ್ತು ನಾನು ಮಿಷನ್ ಮುಂದೆ ಕೂತು ಸ್ವಲ್ಪ ಅತ್ತೆ. ಗುಂಡಿ ನನ್ನ ಕಾಲ ಮೇಲೆ ತಲೆಯಿಟ್ಟು ಮಲಗಿದ್ದಳು. ಕಣ್ಣೊರೆಸಿಕೊಂಡು, ಬಿಡುವುದಿಲ್ಲ, ಬೀದಿಗೆ ಬಿದ್ದರೂ ಮೂವರೂ ಒಟ್ಟಿಗೆ ಬೀಳೋಣ ಅಂತ ಅವಳಿಗೇ ಹೇಳಿದೆ.

ಡಾಕ್ಟರು ಅಂದರು, "ಸುಮ್ನೆ ಮಾತ್ರೆ ಬದಲಾಯಿಸೋದು ಬೇಡ. ಉಚ್ಚೇಲಿರೋ ಕ್ರಿಮಿ ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋಣ. ಸೋಮವಾರ ತನ್ನಿ. ಕ್ಲಿನಿಕ್ ತೆಗೆಯೋದು ಹತ್ತು ಗಂಟೆಗೆ, ಅಲ್ಲೀವರೆಗೆ ಫ್ರಿಜ್ಜಲ್ಲಿಡಿ." ಬಿಳಿ ಮುಚ್ಚಳದ ಪುಟ್ಟ ಬಾಟಲಿಯನ್ನೂ ಕೊಟ್ಟರು.

ಅದೇ ವಾರ ಓನರ್ ಆಂಟಿಯ ಫ್ರಿಜ್ ಕೆಟ್ಟಿತ್ತು. ಜಗಳ ಜಗಳಕ್ಕೆ, ಫ್ರಿಜ್ ಫ್ರಿಜ್ಜಿಗೆ. ಪೂಜೆಯ ಹಾಲು, ಮೊಸರು, ಹೂವು ಎಲ್ಲ ನಮ್ಮ ಫ್ರಿಜ್ಜಿಗೆ ಬಂದಿದ್ದವು. ಜೊತೆಗೆ ಗ್ರಂಥಿಗೆ ಅಂಗಡಿಯಿಂದ ತರಿಸಿದ ಗಂಜಳದ ಬಾಟಲಿ. ನಾಯಿಯಿಂದ ಮೈಲಿಗೆಯಾದ ಮೆಟ್ಟಿಲಿಗೆ ಪೂಜೆಯ ಮುಂಚೆ ಗೋಮೂತ್ರ ಚಿಮುಕಿಸಿ ಶುದ್ಧಿ ಮಾಡಬೇಕಲ್ಲ.

ಸೋಮವಾರ ಆರು ಗಂಟೆಗೆ ಸೌಟಲ್ಲಿ ಹಿಡಿದೆ, ಬಾಟಲಿಗೆ ತುಂಬಿದೆ, ಫ್ರಿಜ್ಜಿನ ಬಾಗಿಲಲ್ಲಿಟ್ಟೆ. ಆಮೇಲೆ ಬಚ್ಚಲಲ್ಲಿ ಗುಂಡಿಗೆ ಸ್ನಾನ ಮಾಡಿಸುತ್ತಿದ್ದಾಗ ಆಂಟಿಯ ದನಿ ಕೇಳಿತು.

"ಗಂಜಳದ ಬಾಟ್ಲಿ ಎಲ್ಲಮ್ಮಾ?"

"ಬಾಗಿಲಲ್ಲೇ ಇದೆ ಆಂಟಿ, ತಗೊಳ್ಳಿ!" ಅಂತ ಕೂಗಿದೆ.

ಗುಂಡಿಯನ್ನು ಒರೆಸಿ ಬಂದು ಫ್ರಿಜ್ ತೆಗೆದೆ. ಬಾಗಿಲಲ್ಲಿ ಬಿಳಿ ಮುಚ್ಚಳದ ಬಾಟಲಿ ಇತ್ತು. ಅದರ ಮೇಲೆ ಹಸುವಿನ ಚಿತ್ರ ಇತ್ತು.

ಗುಂಡಿಯ ಬಾಟಲಿ ಇರಲಿಲ್ಲ. ಓಡಿದೆ. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಆಂಟಿ ಹಿತ್ತಾಳೆ ಬಟ್ಟಲಿಗೆ ಬಗ್ಗಿಸಿಕೊಂಡು, ಮಾವಿನ ಸೊಪ್ಪು ಅದ್ದಿ, ಮೇಲಿನ ಮೆಟ್ಟಿಲಿನಿಂದ ಗೇಟಿನವರೆಗೆ ಒಂದು ಮೆಟ್ಟಿಲೂ ಬಿಡದೆ ಚಿಮುಕಿಸಿದ್ದರು. ಕೆಳಗೆ ನಿಂತು, ಕಣ್ಣು ಮುಚ್ಚಿ, ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು.

"ಆಹಾ! ನಾಟಿ ಹಸೂದು ಅಂದ್ರೆ ನಾಟಿ ಹಸೂದೇ ಅಮ್ಮ. ವಾಸನೇಲೇ ಗೊತ್ತಾಗುತ್ತೆ."

ನಾನು ಬಾಯಿ ತೆರೆದೆ. ಸುಳ್ಳು ಹೇಳುವವಳಲ್ಲ ಅಂತ ಆಗಲೇ ಹೇಳಿದ್ದೇನೆ. ಆದರೆ ನಿಜ ಹೇಳಿದರೆ ಆ ಸಂಜೆಯೇ ನಮ್ಮ ಸಾಮಾನು ಬೀದಿಯಲ್ಲಿರುತ್ತಿತ್ತು. "ನಾಟೀದೇ ಆಂಟಿ" ಅಂದೆ. ಅಷ್ಟು ಮಾತ್ರ ನಿಜ.

ಗುಂಡಿ ನನ್ನ ಹಿಂದೆಯೇ ಇಳಿದು ಬಂದಳು. ಮೊದಲ ಮೆಟ್ಟಿಲು ಮೂಸಿದಳು. ಎರಡನೆಯದು ಮೂಸಿದಳು. ಇದನ್ನೆಲ್ಲ ನಾನು ಯಾವಾಗ ಮಾಡಿದೆ ಎನ್ನುವಂತೆ ನನ್ನ ಮುಖ ನೋಡಿದಳು. ಕೊನೆಗೆ, ಎಲ್ಲ ಕೆಲಸವೂ ಆಗಿದೆ ಅನ್ನಿಸಿತೋ ಏನೋ, ಒಂದು ಹನಿಯೂ ಬಿಡದೆ ಹೋಗಿ ಆಂಟಿಯ ಕಾಲ ಬಳಿ ತೆಪ್ಪಗೆ ಕೂತಳು.

ಆಂಟಿ ಕಣ್ಣರಳಿಸಿದರು. "ನೋಡಿದ್ರಾ? ಶುದ್ಧಿ ಆದ್ಮೇಲೆ ಮರಿಗೇ ಬುದ್ಧಿ ಬಂತು. ಇರ್ಲಿ ಬಿಡಿ, ಎಲ್ಲೂ ಕಳಿಸ್ಬೇಡಿ ಪಾಪ. ವಾರಕ್ಕೊಂದ್ಸಲ ಇದನ್ನೇ ಹಾಕಿದ್ರಾಯ್ತು." ಬಟ್ಟಲಲ್ಲಿ ಉಳಿದದ್ದನ್ನು ಬಾಟಲಿಗೆ ವಾಪಸ್ಸು ಬಗ್ಗಿಸಿ ನನ್ನ ಕೈಗಿಟ್ಟರು. "ನಿಮ್ಮನೆ ಒಳಗೂ ಸ್ವಲ್ಪ ಚಿಮುಕಿಸಿ. ಸೋಂಕು ಗೀಂಕು ಏನಿದ್ರೂ ಓಡ್ಹೋಗುತ್ತೆ."

ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದುಕೊಂಡೆ. ನೆಂಟರು ಬರುವ ಮೊದಲು ಮೆಟ್ಟಿಲು ತೊಳೆಯಲು ಯಜಮಾನರನ್ನು ಎರಡು ಬಕೆಟ್ ನೀರಿನ ಸಮೇತ ಅಟ್ಟಿ, ಗುಂಡಿಯನ್ನು ಕಾಲ ಬಳಿ ಕೂರಿಸಿಕೊಂಡು, ಸ್ಕೂಟರಿನಲ್ಲಿ ನೇರ ನಾಗರಬಾವಿಗೆ ಹೋದೆ.

ಡಾಕ್ಟರು ಆಮೇಲೆ ತಾವೇ ಸೂಜಿಯಲ್ಲಿ ಉಚ್ಚೆಯನ್ನು ಹೊಸದಾಗಿ ತೆಗೆದರು. ಸರಿಯಾದ ಔಷಧಿಯೂ ಸಿಕ್ಕಿತು, ಗುಂಡಿ ಈಗ ಮೆಟ್ಟಿಲನ್ನು ಮೆಟ್ಟಿಲ ಹಾಗೇ ಬಳಸುತ್ತಾಳೆ. ಆದರೆ ಅವತ್ತು ಮೊದಲು ಆ ಬಾಟಲಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮಾ, ಇದರೊಳಗೆ ಮಾವಿನೆಲೆ ಹೇಗೆ ಬಂತು?"

"ಪೂಜೆ ಮುಗಿಸ್ಕೊಂಡು ಬಂದಿದೆ ಡಾಕ್ಟ್ರೇ" ಅಂದೆ.