ಡಿಗ್ರಿ ನೋಡದ ಒಂದು ಲೋಟ ಹಾಲು

ಬಹಳ ಹಿಂದಿನ ಮಾತೇನಲ್ಲ. ದೇವನಹಳ್ಳಿ ಸೀಮೆಯ ಆಕಾಶದಲ್ಲಿ ಹದ್ದುಗಳಿಗಿಂತ ವಿಮಾನಗಳೇ ಹೆಚ್ಚು ಹಾರಾಡುತ್ತಿದ್ದ ಕಾಲದಲ್ಲಿ, ಬೂದಿಗೆರೆಗೆ ಹತ್ತಿರದ ಒಂದೂರಿನಲ್ಲಿ ಒಬ್ಬ ರಾಜನಿದ್ದ. ಅವನಿಗೆ ಕಿರೀಟವಿರಲಿಲ್ಲ, ತಲೆಯ ಮೇಲೆ ಕೂದಲಿದ್ದದ್ದೂ ಅಷ್ಟಕ್ಕಷ್ಟೆ. ಆದರೆ ಅವನ ಕೈಯಲ್ಲಿ ಒಂದು ಗಾಜಿನ ಕಡ್ಡಿಯಿತ್ತು. ಹಾಲಿನಲ್ಲಿ ಬಿಟ್ಟರೆ ಆ ಕಡ್ಡಿ ತೇಲುತ್ತ ನಿಜ ನುಡಿಯುತ್ತಿತ್ತು. ಹಾಲಿಗೆ ನೀರು ಬೆರೆಸಿದ್ದರೆ ಕಡ್ಡಿ ನಾಚಿಕೊಂಡು ಮುಳುಗುತ್ತಿತ್ತು. ಊರಿನ ಜನವೆಲ್ಲ ದಿನಕ್ಕೆ ಎರಡು ಸಲ ಆ ಕಡ್ಡಿಯ ಮುಂದೆ ಸಾಲುಗಟ್ಟಿ ನಿಂತು ನಡುಗುತ್ತಿದ್ದರು.

ರಾಜನ ಹೆಸರು ಗೋವಿಂದರಾಜು. ಅರಮನೆಯೆಂದರೆ ಹಾಲಿನ ಡೇರಿ. ಸಿಂಹಾಸನವೆಂದರೆ ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿ. ಹುದ್ದೆ, ಟೆಸ್ಟರ್. ಇಪ್ಪತ್ತೆಂಟು ಡಿಗ್ರಿಗಿಂತ ಒಂದು ಗೆರೆ ಇಳಿದರೂ "ನೀರಿದೆ, ರಿಜೆಕ್ಟ್, ಹಿಂದಕ್ಕೆ ತಗೊಂಡೋಗಿ" ಎಂದು ಹೇಳಿ ಕ್ಯಾನು ವಾಪಸು ತಳ್ಳುವುದರಲ್ಲಿ ಅವನು ಸ್ವಂತ ಸೋದರಮಾವನನ್ನೂ ಬಿಟ್ಟವನಲ್ಲ.

ಇಂಥ ರಾಜನಿಗೆ ನಾಲ್ಕು ವರ್ಷದ ಒಬ್ಬ ರಾಜಕುಮಾರಿ, ಕೀರ್ತನ. ಹಟ್ಟಿಯಲ್ಲಿ ಗೌರಿ ಎಂಬ ಹಸು, ಅಪ್ಪನ ಕೈಯಲ್ಲಿ ಇಡೀ ಊರಿನ ಹಾಲು, ಅಮ್ಮ ದಿವ್ಯಳಿಗೆ ಏರ್‌ಪೋರ್ಟಿನ ಕಾಫಿ ಕೌಂಟರಿನಲ್ಲಿ ಕೆಲಸ. ಇಷ್ಟೆಲ್ಲ ಹಾಲಿನ ನಡುವೆ ಹುಟ್ಟಿದ ಮಗು ಮನೆಯಲ್ಲಿ ಒಂದು ಗುಟುಕು ಹಾಲು ಮುಟ್ಟುತ್ತಿರಲಿಲ್ಲ.

ಮುಟ್ಟುತ್ತಿರಲಿಲ್ಲ ಎಂದರೆ ಅಳುವುದು, ಓಡುವುದು ಏನೂ ಇಲ್ಲ. ಲೋಟ ಕೊಟ್ಟರೆ ಗಂಭೀರವಾಗಿ ತೆಗೆದುಕೊಳ್ಳುತ್ತಿದ್ದಳು. ಮೂಸುತ್ತಿದ್ದಳು. ಇಂಕು ಮುಗಿದ ಹಳೇ ಪೆನ್ನೊಂದನ್ನು ಅದರಲ್ಲಿ ಅದ್ದಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಅವಳಿಗೆ ಎಣಿಸಲು ಬರುತ್ತಿದ್ದುದು ಹನ್ನೆರಡರವರೆಗೆ ಮಾತ್ರ.

"ಹನ್ನೆರಡು ಡಿಗ್ರಿ. ನೀರಿದೆ. ಹಿಂದಕ್ಕೆ ತಗೊಂಡೋಗಿ."

ಒಂದು ದಿನ ಬೆಳಗಿನ ಐದೂವರೆಗೆ ದಿವ್ಯಳನ್ನು ಕರೆದೊಯ್ಯುವ ಕ್ಯಾಬು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾಗ ಅವಳು ಚಪ್ಪಲಿ ಹಾಕಿಕೊಳ್ಳುತ್ತಲೇ ತೀರ್ಪು ಕೊಟ್ಟಳು.

"ರೀ, ನಂದಗುಡಿಯಿಂದ ಅಮ್ಮ ಮತ್ತೆ ಫೋನ್ ಮಾಡಿದ್ರು. ಮಗೂನ ಅಲ್ಲಿಗೆ ಕಳಿಸಿದ್ರೆ ಹಾಲು ಕುಡಿಯೋದು ಕಲಿಸ್ತಾರಂತೆ. ಇವತ್ತು ಸಾಯಂಕಾಲ ನಾನು ಬಂದಾಗ ಪುಟ್ಟಿ ಒಂದು ಲೋಟ ಹಾಲು ಕುಡೀಬೇಕು. ಇಲ್ಲಾಂದ್ರೆ ನಾಳೆ ನಂದಗುಡಿಗೆ. ಸ್ಕೂಲ್ ಶುರುವಾಗೋವರೆಗೂ ಅಲ್ಲೇ."

"ಮೂರು ತಿಂಗಳಾ?" ಎಂದ ಗೋವಿಂದರಾಜು. ಮಲಗುವಾಗ ಮಗಳ ಕಾಲು ತನ್ನ ಹೊಟ್ಟೆಯ ಮೇಲೆ ಬೀಳದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೂ ಟೆಸ್ಟರ್ ಅಲ್ಲವೇ, ಮೀಸೆ ತಿರುವಿದ. "ಊರಿಗೆಲ್ಲ ಹಾಲಿನ ಬುದ್ಧಿ ಹೇಳೋನು ನಾನು. ಒಂದು ಲೋಟ ಕುಡಿಸೋಕಾಗಲ್ವಾ? ನೀನು ಹೋಗಿ ಬಾ."

ದಿನದ ಪದ್ಧತಿಯಂತೆ ಮಗಳನ್ನು ಎದುರುಮನೆಯ ಲಕ್ಕಮ್ಮನ ಜಗುಲಿಯಲ್ಲಿ ಕೂರಿಸಿ ಅವನು ಡೇರಿಗೆ ಹೋದ. ಎಪ್ಪತ್ತು ದಾಟಿದ ಲಕ್ಕಮ್ಮನಿಗೆ ಇದ್ದದ್ದು ಒಂದೇ ಹಸು, ಲೆಕ್ಕವಿಲ್ಲದಷ್ಟು ಕತೆ. ಕೀರ್ತನಳಿಗೆ ಅಲ್ಲಿ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಏಳು ಗಂಟೆಗೆ ಅದೇ ಲಕ್ಕಮ್ಮ ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ಕ್ಯಾನು ಹಿಡಿದು ಸಾಲಿನಲ್ಲಿ ಬಂದಳು. ಗೋವಿಂದರಾಜು ಕಡ್ಡಿ ಬಿಟ್ಟ. ಕಡ್ಡಿ ನಾಚಿಕೊಂಡಿತು.

"ಇಪ್ಪತ್ತಾರು. ಲಕ್ಕಮ್ಮಾ, ಈ ತಿಂಗಳಲ್ಲಿ ಇದು ಎಷ್ಟನೇ ಸಲ? ಬೆಳಗ್ಗೆ ತಂದ್ರೆ ನೀರು, ಸಾಯಂಕಾಲ ತಂದ್ರೆ ಸರಿ. ನಿನ್ನ ಹಸೂಗೆ ಬೆಳಗ್ಗೆ ಮಾತ್ರ ಬೋರ್‌ವೆಲ್ ಕೊರೆಸಿದ್ದೀಯಾ?"

ಸಾಲು ಗೊಳ್ಳೆಂದಿತು. ಲಕ್ಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಕ್ಯಾನು ಎತ್ತಿಕೊಂಡು ಹೊರಟುಹೋದಳು. ಮಗಳನ್ನು ನೋಡಿಕೊಳ್ಳುವ ಮುದುಕಿಯಲ್ಲವೇ ಎಂದು ಅವನ ಮನಸ್ಸು ಒಂದು ಗಳಿಗೆ ಚುರುಕ್ಕೆಂದಿತು. ಆದರೆ ಕಡ್ಡಿಗೆ ದಾಕ್ಷಿಣ್ಯವಿಲ್ಲ.

ಒಂಬತ್ತಕ್ಕೆ ಮನೆಯಲ್ಲಿ ಯುದ್ಧ ಶುರುವಾಯಿತು. ಮೊದಲ ಲೋಟಕ್ಕೆ ಸಕ್ಕರೆ, ಏಲಕ್ಕಿ. ಪೆನ್ನು ಮುಳುಗಿತು. "ಹನ್ನೆರಡು."

ಗೋಡೆಯ ಮೇಲಿನಿಂದ ಪಕ್ಕದ ಮನೆಯ ಪಾಪಕ್ಕ ಇಣುಕಿದಳು. "ಏನ್ ಗೋವಿಂದು, ರಿಜೆಕ್ಟಾ? ಬಾದಾಮಿ ಪುಡಿ ಹಾಕಪ್ಪ, ನಮ್ಮ ಮೊಮ್ಮಗ ಲೋಟಾನೂ ನೆಕ್ಕಿಬಿಡ್ತಾನೆ."

ಬಾದಾಮಿ ಪುಡಿ ಬಿತ್ತು. ಕೀರ್ತನ ಮೂಸಿದಳು. "ಇದ್ರಲ್ಲಿ ಕಸ ಇದೆ. ಸೋಸ್ಕೊಂಡ್ ಬನ್ನಿ."

ತಾನು ದಿನಾ ಆಡುವ ಮಾತು ತನ್ನ ಮಗಳ ಬಾಯಿಂದ ತನಗೇ ಬಂದಾಗ ಅದು ಎಷ್ಟು ಖಾರವಾಗಿರುತ್ತದೆಂದು ಗೋವಿಂದರಾಜುವಿಗೆ ಅಂದೇ ತಿಳಿದದ್ದು. ಅವನು ಆನೆಯಾದ, ಮಗಳನ್ನು ಬೆನ್ನ ಮೇಲೆ ಹೊತ್ತು ಅಂಗಳ ಸುತ್ತಿದ. ವಿಮಾನವಾದ, ಲೋಟ ಹಿಡಿದು ಗುಯ್ಯೆಂದು ಅವಳ ಬಾಯಿಯ ರನ್‌ವೇ ಕಡೆಗೆ ಇಳಿದ. ಕೊನೇ ಗಳಿಗೆಯಲ್ಲಿ ಬಾಯಿ ಮುಚ್ಚಿತು. ಹಾಲೆಲ್ಲ ಅವನ ಅಂಗಿಯ ಮೇಲೆ ಲ್ಯಾಂಡ್ ಆಯಿತು. ಪಾಪಕ್ಕನ ನಗು ಕೇಳಿ ಬೀದಿಯ ನಾಲ್ಕು ಮನೆಯವರು ಬಂದು ಗೋಡೆಗೆ ಮೊಳಕೈ ಊರಿದರು. ಒಬ್ಬೊಬ್ಬರ ಕ್ಯಾನೂ ಒಂದಲ್ಲ ಒಂದು ದಿನ ವಾಪಸು ಹೋದದ್ದೇ. ಎಲ್ಲರ ಮುಖದಲ್ಲೂ ಹಬ್ಬದ ಕಳೆ.

ನಾಲ್ಕು ಗಂಟೆಗೆ ಅವನು ಗೌರಿಯ ಹಾಲು ಕರೆದು ಮುಗಿಸಿದಾಗ ಬೈರಣ್ಣ ಬಂದ. ಊರಿನಲ್ಲಿ ಸಲಹೆ ಬೇಡದವರಿಗೂ ಸಲಹೆ ಹಂಚುವುದು ಬೈರಣ್ಣನ ಕೆಲಸ.

"ಗುರು, ಕತೆ ಕೇಳ್ದೆ. ತಪ್ಪು ನಿಂದೇ ಕಣೋ. ಗೌರಿ ಹಾಲು ಗಟ್ಟಿ, ಮಗೂ ಗಂಟಲು ಸಣ್ಣದು. ಒಂದೆರಡು ಚೊಂಬು ನೀರು ಬಿಡು, ಸಲೀಸಾಗಿ ಇಳಿಯುತ್ತೆ."

"ನೀರಾ? ನಾನಾ?"

"ಮಗಳು ನಂದಗುಡಿಗೆ ಹೋಗ್ಬೇಕಾ, ನಿನ್ನ ಡಿಗ್ರಿ ಉಳೀಬೇಕಾ?"

ಗೋವಿಂದರಾಜು ಬೀದಿಯ ಆಚೆ ಈಚೆ ನೋಡಿದ. ಗೌರಿಯ ಕಣ್ಣು ತಪ್ಪಿಸಿದ. ಎಂಟು ವರ್ಷದ ಸೇವೆಯಲ್ಲಿ ಮೊದಲ ಬಾರಿಗೆ, ಕದ್ದ ಕೋಳಿಯನ್ನು ಕಂಬಳಿಯೊಳಗೆ ಸೇರಿಸುವವನಂತೆ, ಕ್ಯಾನಿಗೇ ಎರಡು ಚೊಂಬು ನೀರು ಸುರಿದ. ಲೋಟಕ್ಕೆ ಬಗ್ಗಿಸಿ ಮಗಳ ಮುಂದೆ ಹಿಡಿದ.

ಕೀರ್ತನ ಪೆನ್ನು ಅದ್ದಿದಳು. ತುಂಬ ಹೊತ್ತು ನೋಡಿದಳು.

"ಹನ್ನೆರಡು."

ಅಷ್ಟರಲ್ಲಿ ಡೇರಿಯ ಹೊತ್ತಾಯಿತು. ಗಡಿಬಿಡಿಯಲ್ಲಿ ಒಂದು ಕೈಗೆ ಮಗಳು, ಇನ್ನೊಂದು ಕೈಗೆ ಕ್ಯಾನು. ನೀರಿನ ನೆನಪು ಹಟ್ಟಿಯಲ್ಲೇ ಉಳಿಯಿತು.

ಸಾಯಂಕಾಲ ಡೇರಿಯಲ್ಲಿ ಎಂದೂ ಕಾಣದ ಜನ. ಹಾಲಿಲ್ಲದವರೂ ಖಾಲಿ ಕ್ಯಾನು ಹಿಡಿದು ಬಂದಿದ್ದರು. ಹಾಲಿನ ಸಂಘದ ಅಧ್ಯಕ್ಷ ಸಂಜೀವಪ್ಪನವರು ಶಲ್ಯ ಸರಿಪಡಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಐದೂವರೆಗೆ ಕ್ಯಾಬಿನಿಂದ ಇಳಿದ ದಿವ್ಯ ನೇರ ಅಲ್ಲಿಗೇ ಬಂದಳು. ಗಂಡನ ಅಂಗಿಯ ಮೇಲಿನ ಹಾಲಿನ ನಕ್ಷೆ ನೋಡಿದಳು. ಅವಳಿಗೆ ಕೇಳುವ ಅಗತ್ಯವೇ ಬೀಳಲಿಲ್ಲ.

"ಪುಟ್ಟಿ ಬಟ್ಟೆ ಜೋಡಿಸ್ತೀನಿ," ಎಂದಳು. ಆದರೂ ಅಲ್ಲಿಂದ ಹೆಜ್ಜೆ ಕೀಳಲಿಲ್ಲ.

"ಇರು ದಿವ್ಯಾ, ಇನ್ನೂ ಹೊತ್ತಿದೆ," ಎನ್ನುತ್ತ ಗೋವಿಂದರಾಜು ಕೈಗೆ ಸಿಕ್ಕ ಕ್ಯಾನಿಗೆ ಕಡ್ಡಿ ಬಿಟ್ಟ. ಅದು ಲಕ್ಕಮ್ಮನದು. ಇಪ್ಪತ್ತೆಂಟು, ಕೂದಲೆಳೆ ಆಚೀಚೆ ಇಲ್ಲ. ದಿನದ ಸಂಕಟವೆಲ್ಲ ಮುದುಕಿಯ ಮೇಲೆ ತಿರುಗಿತು. "ನೋಡಿ ಅಧ್ಯಕ್ಷರೇ! ಈಗ ಅಪ್ಪಟ ಹಾಲು. ಬೆಳಗ್ಗೆ ಮಾತ್ರ ಯಾಕೆ ನೀರು? ಬೆಳಗ್ಗೆ ಏನು ವಿಶೇಷ?"

"ಬೆಳಗ್ಗೆ ನಾನಿರ್ತೀನಲ್ಲ," ಎಂದಿತು ಕುರ್ಚಿಯ ಪಕ್ಕದಿಂದ ಒಂದು ಸಣ್ಣ ದನಿ.

"ಶ್ಶ್! ಪುಟ್ಟೀ!" ಲಕ್ಕಮ್ಮ ಹೌಹಾರಿದಳು.

"ನಾನು ಒಂದು ಚೊಂಬು ಕುಡೀತೀನಿ. ಆಮೇಲೆ ಅಜ್ಜಿ ಒಂದು ಚೊಂಬು ನೀರು ಹಾಕ್ತಾರೆ."

ದಿವ್ಯಳ ಕೈಯಿಂದ ಬ್ಯಾಗು ಜಾರಿತು. ಸಂಜೀವಪ್ಪನವರು ಬೆಂಚಿನಿಂದ ಎದ್ದರು. "ಏನಮ್ಮಾ ಲಕ್ಕಮ್ಮ, ನಿಜಾನಾ?"

"ಅಯ್ಯೋ, ಹೇಳ್ಬಾರ್ದು ಅಂತ ತಿಂಗಳಿಂದ ಬಾಯಿ ಕಟ್ಕೊಂಡಿದ್ದೆ," ಎಂದು ಲಕ್ಕಮ್ಮ ಮಗುವಿನ ತಲೆ ನೇವರಿಸಿ, ತನ್ನ ಕೆನ್ನೆಯ ಪಕ್ಕ ನೆಟಿಗೆ ಮುರಿದಳು. "ಮಗು ಇಷ್ಟು ಕುಡೀತು ಅಂತ ಯಾರಾದ್ರೂ ಬಾಯ್ಬಿಟ್ಟು ಹೇಳ್ತಾರಾ? ದೃಷ್ಟಿ ಆಗಲ್ವಾ?"

"ಅದಕ್ಕೆ ನೀರು ಯಾಕೆ ಹಾಕ್ಬೇಕಿತ್ತು?" ಎಂದ ಗೋವಿಂದರಾಜು.

"ಹಾಲು ಕಮ್ಮಿ ತಂದ್ರೆ ನೀನು ಬಿಡ್ತೀಯೇನಪ್ಪಾ? 'ದಿನಾ ಮೂರು ಲೀಟರು, ಇವತ್ತು ಯಾಕೆ ಕಮ್ಮಿ' ಅಂತ ಇಷ್ಟು ಜನದ ಮುಂದೆ ಕೇಳ್ತೀಯ. ಆಗ ಮಗು ಕುಡೀತು ಅನ್ಬೇಕಾಗುತ್ತೆ. ನೀರು ಹಾಕಿದ್ರೆ ಬೈಗುಳ ನನಗೆ. ನಿಜ ಹೇಳಿದ್ರೆ ದೃಷ್ಟಿ ಮಗೂಗೆ. ಯಾವ್ದು ವಾಸಿ, ನೀನೇ ಹೇಳು."

ಗೋವಿಂದರಾಜು ಕೈಯಲ್ಲಿದ್ದ ಕಡ್ಡಿಯನ್ನು ಒರೆಸತೊಡಗಿದ. ಬೆಳಗ್ಗೆ ತಾನಾಡಿದ ಬೋರ್‌ವೆಲ್ ಮಾತು ಈಗ ಅವನ ಕಿವಿಯಲ್ಲೇ ಗುಂಯ್‌ಗುಟ್ಟಿತು.

ಸಂಜೀವಪ್ಪನವರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಕೇಳು ಗೋವಿಂದರಾಜು. ನಾಳೆಯಿಂದ ನಿನ್ನ ಮಗಳು ಕುಡಿದಷ್ಟು ಹಾಲನ್ನ ನಿನ್ನ ಕ್ಯಾನಿಂದ ಲಕ್ಕಮ್ಮನ ಕ್ಯಾನಿಗೆ ತುಂಬ್ಬೇಕು. ಸಾಲಲ್ಲಿ ನಿಂತು, ಎಲ್ಲರ ಹಾಗೆ ಟೆಸ್ಟ್ ಮಾಡಿಸಿ."

"ನಾಳೆ ಯಾಕೆ, ಇವತ್ತೇ ತುಂಬ್ಲಿ!" ಸಾಲಿನಿಂದ ಪಾಪಕ್ಕನ ಕೂಗು.

"ಧಾರಾಳವಾಗಿ," ಎಂದು ಗೋವಿಂದರಾಜು ಎದೆಯುಬ್ಬಿಸಿ ತನ್ನ ಕ್ಯಾನು ಮುಂದಿಟ್ಟ. ಗೌರಿಯ ಹಾಲು ಎಂದೂ ಇಪ್ಪತ್ತೊಂಬತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ. ಸಂಜೀವಪ್ಪನವರೇ ಕಡ್ಡಿ ಬಿಟ್ಟರು.

ಕಡ್ಡಿ ನಾಚಿಕೊಳ್ಳಲಿಲ್ಲ, ಬಾವಿಗೆ ಬಿದ್ದ ಕೊಡದಂತೆ ಬುಳುಕ್ಕೆಂದು ಕೆಳಗಿಳಿಯಿತು. ಆಗ ಗೋವಿಂದರಾಜುವಿಗೆ ಹಟ್ಟಿ ನೆನಪಾಯಿತು, ಚೊಂಬು ನೆನಪಾಯಿತು, ಬೈರಣ್ಣ ನೆನಪಾದ. ಬೈರಣ್ಣ ಆಗಲೇ ಕಂಬದ ಹಿಂದೆ ಕಂಬದಷ್ಟೇ ತೆಳ್ಳಗಾಗಲು ಹೆಣಗುತ್ತಿದ್ದ.

"ಇಪ್ಪತ್ತೊಂದು," ಎಂದರು ಸಂಜೀವಪ್ಪನವರು, ನಂಬಲಾರದೆ.

ಕೀರ್ತನ ಕ್ಯಾನನ್ನು ಎರಡೂ ಕೈಯಿಂದ ಅಪ್ಪನ ಕಡೆ ತಳ್ಳಿದಳು. "ನೀರಿದೆ, ಅಪ್ಪಾ. ಹಿಂದಕ್ಕೆ ತಗೊಂಡೋಗಿ."

ಆ ನಗೆಗೆ ಡೇರಿಯ ಶೀಟುಗಳು ಅದುರಿದವು. ಮೇಲೆ ಹೋಗುತ್ತಿದ್ದ ವಿಮಾನದ ಸದ್ದೂ ಕೇಳಲಿಲ್ಲ.

ನಗದಿದ್ದವಳು ದಿವ್ಯ ಒಬ್ಬಳೇ. "ಎಲ್ಲಾ ಸರಿ. ನನಗೆ ಮಾತು ಕೊಟ್ಟಿದ್ದು ಒಂದು ಲೋಟ. ನಾನು ನೋಡೋ ಹಾಗೆ ಕುಡೀಲಿ, ನಂದಗುಡಿಗೆ ಕಳಿಸಲ್ಲ."

"ಅದಾಗಲ್ಲ," ಎಂದಳು ಲಕ್ಕಮ್ಮ. "ಇಷ್ಟು ಜನದ ಕಣ್ಣೆದುರಿಗೆ ನಾನು ಕುಡಿಸಲ್ಲ. ನಿನ್ನ ಮುಂದಂತೂ ಇಲ್ವೇ ಇಲ್ಲ. ಎಲ್ಲಕ್ಕಿಂತ ಕೆಟ್ಟದು ತಾಯಿ ಕಣ್ಣು."

"ನೋಡ್ದೆ ಹೆಂಗಜ್ಜಿ ನಂಬೋದು?"

ಒಗಟು ಬಿಡಿಸಿದ್ದು ಗೋವಿಂದರಾಜು. ಆ ದಿನ ಅವನಿಗೆ ಹೊಳೆದ ಒಂದೇ ಒಳ್ಳೆಯ ಯೋಚನೆ ಅದು. ಅವನು ಮಗಳನ್ನು ಎತ್ತಿ ಹಾಲು ತೂಗುವ ಯಂತ್ರದ ಮೇಲೆ ಕೂರಿಸಿದ. ಎದುರು ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿ ಮಿನುಗಿತು: 13.80.

"ಎಲ್ರೂ ಗೋಡೆ ಕಡೆ ತಿರುಗಿ. ಮಗೂನ ಯಾರೂ ನೋಡಬೇಡಿ. ಲಕ್ಕಮ್ಮ ಲೋಟ ಹಿಡ್ಕೊಂಡು ಕುಡಿಸ್ಲಿ. ಕುಡಿದಿದ್ದು ಬೋರ್ಡಲ್ಲಿ ಏರುತ್ತೆ."

ಲಕ್ಕಮ್ಮ ಯೋಚಿಸಿದಳು. "ಮಿಷನ್ನಿಗೆ ಕಣ್ಣಿಲ್ಲ. ಆಗ್ಲಿ."

ಅಧ್ಯಕ್ಷರು, ಪಾಪಕ್ಕ, ಕಂಬದ ಹಿಂದಿನ ಬೈರಣ್ಣ, ದಿವ್ಯ, ಕೊನೆಗೆ ಟೆಸ್ಟರ್ ಗೋವಿಂದರಾಜು, ಇಡೀ ಊರು ಬೆನ್ನು ತಿರುಗಿಸಿ ಕೆಂಪು ಅಂಕಿಯನ್ನೇ ನೋಡುತ್ತ ನಿಂತಿತು. ಬೆನ್ನ ಹಿಂದೆ ಲೋಟಕ್ಕೆ ಹಾಲು ಬಗ್ಗಿಸುವ ಸದ್ದು.

"ಪುಟ್ಟಿ, ನಿನ್ನ ಪೆನ್ನು?" ಎಂದ ಗೋವಿಂದರಾಜು, ಗೋಡೆಗೆ.

"ಅಜ್ಜಿ ಹಾಲಿಗೆ ಡಿಗ್ರಿ ನೋಡ್ಬಾರ್ದು ಅಪ್ಪಾ. ಅಜ್ಜೀ, ಕತೆ."

"ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ." ಗುಟುಕ್. 13.83.

"ಅವನ ಕೈಲೊಂದು ಗಾಜಿನ ಕಡ್ಡಿ ಇತ್ತಂತೆ." ಗುಟುಕ್. 13.87.

ಗೋವಿಂದರಾಜುವಿನ ಕಿವಿ ನೆಟ್ಟಗಾಯಿತು. ಪಕ್ಕದಲ್ಲಿ ಪಾಪಕ್ಕ ಸೆರಗು ಬಾಯಿಗೆ ತುರುಕಿಕೊಂಡಳು.

"ಊರಿನ ಹಾಲಲ್ಲಿರೋ ನೀರೆಲ್ಲ ಆ ರಾಜನಿಗೆ ಕಾಣ್ತಿತ್ತಂತೆ." 13.91. "ತನ್ನ ರಾಜಕುಮಾರಿ ಹೊಟ್ಟೇಲಿರೋ ಹಾಲು ಮಾತ್ರ ಕಾಣ್ತಿರಲಿಲ್ವಂತೆ." 13.96.

ದಿವ್ಯಳ ಬೆರಳು ಬಂದು ಗಂಡನ ಬೆರಳನ್ನು ಹಿಡಿದುಕೊಂಡಿತು. ಅಂಕಿ ಏರುತ್ತಿತ್ತು. 14.00.

"ಆಮೇಲೆ ರಾಜ ಏನ್ಮಾಡ್ದ ಅಜ್ಜೀ?"

"ಏನ್ಮಾಡ್ತಾನೆ? ಗೋಡೆ ಕಡೆ ಮುಖ ಮಾಡ್ಕೊಂಡು ನಿಂತ್ಕೊಂಡನಂತೆ."

ಕೊನೆಯ ಗುಟುಕು. 14.05. ಖಾಲಿ ಲೋಟ ಟಣ್ಣೆಂದು ಮೇಜಿನ ಮೇಲೆ ಬೋರಲು ಬಿತ್ತು.