ಹೊಸ್ತಿಲು ದಾಟದ ಬಂಪರ್ ಮಹಾಶಯರಿಗೆ

ಮಾನ್ಯರೇ,

ನಮ್ಮ ಮನೆಯ ಹಳೇ ಎಸ್‌ಯುವಿ ಗಾಡಿಯ ಮೂತಿಗೆ ಮೊನ್ನೆ ಮೊನ್ನೆ ಬಂದು ವಕ್ಕರಿಸಿ, ಕ್ಷಮಿಸಬೇಕು, ಬಂದು ಅಲಂಕರಿಸಿ, ಇದೀಗ ಶೆಡ್ಡಿನ ಬಾಗಿಲಲ್ಲಿ ದ್ವಾರಪಾಲಕರಂತೆ ನಿಂತಿರುವ ಉಕ್ಕಿನ ಬಂಪರ್ ಮಹಾಶಯರಾದ ತಮಗೆ, ತಮ್ಮನ್ನು ತರಿಸಿದ ದರ್ಜಿಯ ಹೆತ್ತ ತಾಯಿಯಾದ ನಾನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಂಡೆಗೆ ಗುದ್ದಿದರೆ ಪೆಟ್ಟಾಗುವುದು ಬಂಡೆಗೇ ಎಂದು ತಮ್ಮ ಡಬ್ಬದ ಮೇಲೇ ಬರೆದಿದೆಯಂತೆ, ಮೊಮ್ಮಗಳು ಓದಿ ಹೇಳಿದಳು. ನಾವು ಅಷ್ಟೊಂದು ಕ್ಷೇಮವಾಗಿಲ್ಲ. ಅದನ್ನು ತಮ್ಮ ಗಮನಕ್ಕೆ ತರೋಣವೆಂದು ಈ ಕಾಗದ. ಬರೆದು ಮುಗಿಸಿದ ಮೇಲೆ ಶೆಡ್ಡಿನ ಕಂಬಕ್ಕೆ, ಬೀದಿಯವರಿಗೆಲ್ಲ ಕಾಣುವ ಹಾಗೆ ಅಂಟಿಸುತ್ತೇನೆ. ತಾವಂತೂ ಕಂಬ ಬಿಟ್ಟು ಎಲ್ಲಿಗೂ ಹೋಗುವವರಲ್ಲ, ಬಿಡುವಾದಾಗ ಓದಿಕೊಳ್ಳಬಹುದು.

ಮೊದಲು ನನ್ನ ತುರ್ತು ಹೇಳಿಬಿಡುತ್ತೇನೆ. ಊರಿನ ಆ ತುದಿಯಲ್ಲಿ ನನ್ನ ಅಕ್ಕ ಇದ್ದಾಳೆ. ನನಗೆ ಕಣ್ಣು ಗಟ್ಟಿ, ಮಂಡಿ ಹೋಗಿದೆ. ಅವಳಿಗೆ ಕಾಲು ಕಬ್ಬಿಣದಂಥವು, ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಇಬ್ಬರನ್ನೂ ಕೂಡಿಸಿ ಹೊಲಿದರೆ ಒಂದು ಪೂರ್ತಿ ಮುದುಕಿ ಆಗುತ್ತೆ ಎಂದು ನನ್ನ ಸೊಸೆ ಹೇಳುವುದುಂಟು, ಅವಳ ಬಾಯಿಗೆ ಬೀಗವಿಲ್ಲ, ನನ್ನ ಸೊಸೆಯಲ್ಲವೇ. ಈಗ ಅಕ್ಕನಿಗೆ ಪೊರೆ ತೆಗೆದಿದ್ದಾರೆ. ಪಟ್ಟಿ ಬಿಚ್ಚಿದ ದಿನವೇ ಫೋನು ಮಾಡಿ, "ಲೇ, ಎಲ್ಲರ ಮುಖಾನೂ ನೋಡಾಯ್ತು, ನಿಂದೊಂದು ಬಾಕಿ ಇದೆ. ಸಾಯೋಕ್ಕೆ ಮುಂಚೆ ಬಂದು ತೋರಿಸಿ ಹೋಗು" ಎಂದಳು. ಯಾರು ಸಾಯೋಕ್ಕೆ ಮುಂಚೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲದಿದ್ದಾಗ ಅವಳು ಸರಿಯಾಗಿ ನೋಡಿದ ಮುಖ ಇದು. ಹೋಗಲೇಬೇಕು.

ಹೋಗುವುದು ಹೇಗೆ ಎಂದು ತಾವು ಕೇಳಬಹುದು. ಬಸ್ಸಿನ ಮೆಟ್ಟಿಲು ನನ್ನ ಸೊಂಟಕ್ಕೆ ಬರುತ್ತದೆ, ಆಟೋದಲ್ಲಿ ಕೂತರೆ ಇಳಿಸಲು ಇಬ್ಬರು ಬೇಕು. ಈ ಲೋಕದಲ್ಲಿ ನಾನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯುವ ವಾಹನ ಒಂದೇ ಒಂದು, ಅದು ತಾವು ಈಗ ತಬ್ಬಿಕೊಂಡಿರುವ ನಮ್ಮ ಹಳೇ ಗಾಡಿ. ಅದರ ಪಕ್ಕದಲ್ಲಿ ನನ್ನ ಮಗ ಒಂದು ಹಲಗೆ ಮೆಟ್ಟಿಲು ಕೂರಿಸಿದ್ದಾನೆ, ತನ್ನ ಟೇಪಿನಿಂದ ನನ್ನ ಮಂಡಿ ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ಅಳೆದು ಮಾಡಿಸಿದ್ದು. ಅವನ ಜೀವಮಾನದಲ್ಲಿ ಆ ಗಾಡಿಗೆ ಮಾಡಿದ ಕೆಲಸಗಳಲ್ಲಿ ಬುದ್ಧಿ ಇದ್ದದ್ದು ಅದೊಂದೇ. ಅದಾದ ಮೇಲೆ ತರಿಸಿದ್ದು ತಮ್ಮನ್ನು.

ಅಜ್ಜಿಗೆ ಅರಿವೆ ಚಿಂತೆ ಎಂದು ಗಾದೆ ಮಾಡಿದವರು ನಮ್ಮ ಮನೆ ನೋಡಿರಲಿಕ್ಕಿಲ್ಲ. ನಮ್ಮಲ್ಲಿ ಅಜ್ಜಿಗೆ ಅರಿವೆ ಹೊಲಿಯುವವನದೇ ಚಿಂತೆ. ಮಗ ಒಳ್ಳೆಯವನು, ಕೈಗೆಲಸದಲ್ಲಿ ಎತ್ತಿದ ಕೈ, ಅವನು ಹೊಲಿದ ಕಾಲರು ನಿಂತರೆ ನಿಂತಿತು. ಗಾಡಿ ವಿಷಯಕ್ಕೆ ಬಂದರೆ ಅವನಿಗೆ ಎಲ್ಲಿಲ್ಲದ ಶೌರ್ಯ. ಟೀ ಅಂಗಡಿಯ ಮುಂದೆ ಸೇರುವ ಅವನ ಗೆಳೆಯರ ಗುಂಪೊಂದಿದೆ, ಗುಡ್ಡದ ಬಳಗ ಎಂದು ಹೆಸರಿಟ್ಟುಕೊಂಡಿದ್ದಾರೆ, ಗಾಡಿಗಳಲ್ಲಿ ಗುಡ್ಡ ಹತ್ತುವವರಂತೆ. ಇವನು ಅವರ ಜೊತೆ ಟೀ ಅಂಗಡಿಯವರೆಗೆ ಹತ್ತಿದ್ದಾನೆ. ಮಣ್ಣು ರಸ್ತೆ ಕಂಡರೆ ಗಾಡಿ ತಿರುಗಿಸಿಕೊಂಡು ಬರುವವನು, ಬೆಳಿಗ್ಗೆ ತೊಳೆದದ್ದು ಕೊಳೆಯಾಗುತ್ತದೆ ಎಂದು. ಆ ಬಳಗದ ಪುಣ್ಯಾತ್ಮನೊಬ್ಬ ಒಂದು ದಿನ, "ಮಾಸ್ಟ್ರೇ, ಗಾಡಿ ಏನೋ ಚೆನ್ನಾಗಿದೆ, ಆದ್ರೆ ಅದಕ್ಕೆ ಮೀಸೇನೇ ಇಲ್ವಲ್ಲ" ಎಂದುಬಿಟ್ಟ. ಅಷ್ಟೇ. ಮುದಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುವ ಕೆಲಸ ಅಂದಿನಿಂದ ಶುರುವಾಯಿತು.

ತಾವು ಎರಡು ಅಗಲದಲ್ಲಿ ಹುಟ್ಟುತ್ತೀರಂತೆ, ಹಳೇ ಗಾಡಿಗೆ ಒಂದು, ಆಮೇಲೆ ಬಂದ ದಪ್ಪನೆಯ ಹೊಸ ಗಾಡಿಗೆ ಇನ್ನೊಂದು. ಯಾರಾದರೂ ತಮ್ಮ ಗಾಡಿ ಯಾವುದೋ ಅದರದ್ದನ್ನು ತರಿಸುತ್ತಾರೆ. ನನ್ನ ಮಗ ದರ್ಜಿ. ಬೆಳೆಯುವ ಮಕ್ಕಳಿಗೆ ಅಂಗಿ ಹೊಲಿಯುವಾಗ ಒಂದು ಸೈಜು ಹೆಚ್ಚಿಗೆ ಇಟ್ಟು, ಪಕ್ಕದಲ್ಲಿ ಬಟ್ಟೆ ಬಿಟ್ಟು ಹೊಲಿದು ಅಭ್ಯಾಸವಾದ ಕೈ. "ದೊಡ್ಡದೇ ಇರ್ಲಿ ಅಮ್ಮ, ಜಾಸ್ತಿಯಾದ್ರೆ ಆಮೇಲೆ ಪಕ್ಕ ಹಿಡಿಸಿ ಚಿಕ್ಕದು ಮಾಡ್ಬಹುದು, ಕಮ್ಮಿಯಾದ್ರೆ ಎಲ್ಲಿಂದ ತರೋದು" ಎಂದು ಹೇಳಿ ದೊಡ್ಡದನ್ನೇ ತರಿಸಿದ. ಮೂವತ್ತು ವರ್ಷ ದಾಟಿದ ಗಾಡಿ ಇನ್ನೂ ಬೆಳೆಯುತ್ತದೆ ಎಂದುಕೊಂಡನೋ ಏನೋ, ತಾಯಿ ಹೃದಯ, ನಾನು ಕೇಳಲಿಲ್ಲ.

ತಮ್ಮ ಆಗಮನದ ವೈಭವವನ್ನು ಮರೆಯುವಂತಿಲ್ಲ. ನಾಲ್ಕು ಜನ ಸೇರಿ ತಮ್ಮನ್ನು ಬೀರು ಸಾಗಿಸುವ ಹಾಗೆ ನೆಟ್ಟಗೆ ನಿಲ್ಲಿಸಿಕೊಂಡು ಬಾಗಿಲಿನಿಂದ ಶೆಡ್ಡಿನೊಳಗೆ ತಂದರು. ಅಲ್ಲೇ ಅನಾಹುತ ಇತ್ತು, ಯಾರ ಕಣ್ಣಿಗೂ ಬೀಳಲಿಲ್ಲ. ಗಾಡಿ ಬೀದಿಗೆ ಮುಖ ಮಾಡಿಕೊಂಡು ಒಳಗೆ ನಿಂತಿತ್ತು. ಹೊರಗೆ ಎಳೆದು ಕೆಲಸ ಮಾಡಿ ಎಂದರೆ ಮಗ ಒಪ್ಪಲಿಲ್ಲ. ಬಳಗದವರಿಗೆ ಆಶ್ಚರ್ಯ ಕಾದಿರಬೇಕು, ಮೀಸೆ ಪೂರ್ತಿ ಬಂದ ಮೇಲೇ ಮುಖ ತೋರಿಸುವುದು ಎಂದು ಬಾಗಿಲು ಎಳೆದುಕೊಂಡು ಒಳಗೇ ಕೂತ. ಹೊಸ ಗಾಡಿಗೆ ಮಾಡಿದ ತಮ್ಮ ತೂತುಗಳಿಗೂ ಹಳೇ ಗಾಡಿಯ ತೂತುಗಳಿಗೂ ಮುಖ ಕಂಡರೆ ಆಗದು, ಒಂದಾದರೂ ಎದುರುಬದುರು ನಿಲ್ಲಲಿಲ್ಲ. ಬೋಲ್ಟು ಹಾಕುವ ಬದಲು ವೆಲ್ಡರನ್ನು ಕರೆಸಿದರು. ಅವನು ಕೆಲಸ ನೋಡಿ, "ಅಜ್ಜೀ, ಇದನ್ನ ಒಂದ್ಸಲ ಅಂಟಿಸಿದ್ರೆ ಗಾಡಿ ಹೋದ್ರೂ ಇದು ಹೋಗಲ್ಲ" ಎಂದು ನನಗೆ ಧೈರ್ಯ ಹೇಳಿದ. ಅದೇ ಧೈರ್ಯ ಈಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಮಗ ಅಳೆಯಲಿಲ್ಲ ಎಂದು ತಾವು ಆಕ್ಷೇಪಿಸಬಾರದು. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಾಡಿದ. ತಮ್ಮ ಉದ್ದ ಅಳೆದ, ಗಾಡಿಯ ಉದ್ದ ಅಳೆದ, ಎರಡೂ ಸೇರಿದರೆ ಹಿಂದಿನ ಗೋಡೆಗೆ ತಾಗುವುದೋ ಎಂದು ಶೆಡ್ಡಿನ ಆಳ ಅಳೆದ. ಬಾಗಿಲೊಂದನ್ನು ಬಿಟ್ಟ. ಆಮೇಲೆ ಸೊಸೆ ಅದನ್ನೇ ಎತ್ತಿ ಆಡಿದಾಗ, "ದಿನಾ ಹೋಗಿ ಬರೋ ಬಾಗ್ಲನ್ನ ಯಾರಾದ್ರೂ ಅಳೀತಾರೇನೇ?" ಎಂದು ಅವನೇ ಅವಳನ್ನು ಕೇಳಿದ. ನ್ಯಾಯವಾದ ಪ್ರಶ್ನೆ.

ಅನಾವರಣದ ದಿನ ಬಳಗವೆಲ್ಲ ನಮ್ಮ ಗೇಟಿನ ಮುಂದೆ ಫೋನು ಎತ್ತಿ ಹಿಡಿದು ನಿಂತಿತ್ತು. ಗಾಡಿ ಬೀದಿಯಲ್ಲೊಂದು ಸುತ್ತು ಹಾಕಿ ಬಂದ ಕೂಡಲೇ ನನ್ನನ್ನು ಅಕ್ಕನ ಮನೆಗೆ ಕರೆದೊಯ್ಯುವುದು ಎಂದು ಮಾತಾಗಿತ್ತಾದ್ದರಿಂದ ನಾನೂ ಒಳ್ಳೇ ಸೀರೆ ಉಟ್ಟು, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಅಂಗಳದ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲು ತೆರೆಯಿತು. ಕರ್ರಗೆ ಮಿಂಚುತ್ತಾ ತಾವು ದರ್ಶನ ಕೊಟ್ಟಿರಿ. ಜನ ಓಹೋ ಎಂದರು. ಗಾಡಿ ಕೆಮ್ಮಿತು, ಗುಟುರು ಹಾಕಿತು, ಹೊರಟಿತು, ದಡ್ ಎಂದಿತು, ನಿಂತಿತು. ತಮ್ಮ ಮೂಗು ಬಾಗಿಲಿನಿಂದ ಹೊರಗೆ, ತಮ್ಮ ಎರಡೂ ಭುಜ ಎರಡು ಕಂಬಗಳ ಒಳಗಡೆ. ಮಗ ಹಿಂದೆ ಹೋಗಿ ಮತ್ತೆ ಬಂದ, ಮತ್ತೆ ದಡ್. ಬಳಗದಲ್ಲಿ ಒಬ್ಬ ಮೆಲ್ಲಗೆ, "ಮಾಸ್ಟ್ರೇ, ಆಫ್ ರೋಡ್ ಅಂದ್ರೆ ರೋಡಿಗೇ ಬರದೇ ಇರೋದಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮನೆಗೆ ಹೋದ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ಕಂಬ ಒಡೆಯೋಣ ಎನ್ನುವುದು ಮಗನ ಪಕ್ಷ. ಕಂಬದ ಮೇಲೆ ನೀರಿನ ಟ್ಯಾಂಕ್ ಇದೆ, ಒಡೆಯಿರಿ, ಒಂದೇ ಸಲಕ್ಕೆ ಎಲ್ಲರಿಗೂ ಸ್ನಾನ ಆಗುತ್ತೆ ಎನ್ನುವುದು ಸೊಸೆಯ ಪಕ್ಷ. ಬಂಪರನ್ನು ಕತ್ತರಿಸಿ ತೆಗೆದುಬಿಡಿ ಎಂದು ಅವಳು ಹೇಳಿದರೆ ಮಗ ತನ್ನ ಕೈಯನ್ನೇ ಕತ್ತರಿಸುತ್ತಾರೇನೋ ಎಂಬ ಹಾಗೆ ಮುಖ ಮಾಡುತ್ತಾನೆ. ನಾನು ಯಾವ ಪಕ್ಷದಲ್ಲೂ ಇಲ್ಲ, ನನಗೆ ಅಕ್ಕನ ಮನೆಗೆ ಹೋಗಬೇಕು. ಅವಳು ದಿನಾ ಫೋನು ಮಾಡುತ್ತಾಳೆ. ನಿಜ ಹೇಳಲು ನಾಚಿಕೆಯಾಗಿ ಮೊದಲು ಗಾಡಿಗೆ ಜ್ವರ ಎಂದೆ, ಆಮೇಲೆ ಮಗನಿಗೆ ಎಂದೆ. ನಿನ್ನೆ ಅವಳು, "ನನ್ನ ಕಣ್ಣಿಗೆ ಸಿಗೋಕ್ಕೆ ಹೆದರ್ತಿದ್ದೀಯಾ ಹೇಗೆ? ಅಷ್ಟು ಕೆಟ್ಟದಾಗಿ ಮುದುಕಿ ಆಗಿದ್ದೀಯಾ?" ಎಂದು ಕೇಳಿ ಫೋನಿಟ್ಟಳು. ತಮಾಷೆಗೇ ಕೇಳಿದ್ದು. ಆದರೂ ಇಡೀ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ವಿನಂತಿಗಳು. ಮಗ ಸೊಂಟದ ಅಳತೆ ತೆಗೆಯುವಾಗ ದೊಡ್ಡ ದೊಡ್ಡ ಗಿರಾಕಿಗಳು ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುವುದುಂಟು. ತಾವೂ ಒಂದು ಗಳಿಗೆ ಹಾಗೆ ಮಾಡಿ ಕಂಬಗಳ ನಡುವೆ ನುಸುಳಬಹುದೇ? ಅದು ಘನತೆಗೆ ಕುಂದು ಎನಿಸಿದರೆ, ಡಬ್ಬದ ಚಿತ್ರದಲ್ಲಿ ತಾವು ಬಂಡೆ ಹತ್ತಿ ಹೊಳೆಗೆ ಇಳಿದ ಹಾಗೆ ನಮ್ಮ ಶೆಡ್ಡಿನ ತಾರಸಿ ಹತ್ತಿ ಅಂಗಳಕ್ಕೆ ಇಳಿದುಬಿಡಿ, ದಾರಿಯಲ್ಲಿ ಒಣಹಾಕಿದ ಬಟ್ಟೆ ಇರುತ್ತದೆ, ಅಷ್ಟು ನೋಡಿಕೊಂಡರೆ ಸಾಕು. ಅದೂ ಆಗದೆಂದಾದರೆ ಆ ಗುಡ್ಡ, ಬಂಡೆ, ಹೊಳೆಗಳನ್ನೇ ನಮ್ಮ ಅಂಗಳಕ್ಕೆ ಕರೆಸಿಕೊಳ್ಳಿ, ಜೊತೆಯಲ್ಲಿ ನನ್ನ ಅಕ್ಕನ ಮನೆಯನ್ನೂ ತರಲು ಹೇಳಿ. ತಮ್ಮಂಥ ಬಲಶಾಲಿಗಳು ಒಂದು ಮಾತು ಹೇಳಿದರೆ ಯಾವ ಬೆಟ್ಟ ತಾನೇ ಇಲ್ಲ ಎಂದೀತು?

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಉಳಿದದ್ದನ್ನು ಸಂಜೆ ಬರೆಯುತ್ತಿದ್ದೇನೆ.

ಗೇಟು ಕಿರ್ ಎಂದಿತು. ಕಪ್ಪು ಕನ್ನಡಕ ಹಾಕಿಕೊಂಡ ಹೆಂಗಸೊಬ್ಬಳು, ಬೀದಿಯ ಒಂದೊಂದು ಮನೆಯನ್ನೂ ಸಂತೆಯಲ್ಲಿ ತರಕಾರಿ ಆರಿಸುವ ಹಾಗೆ ನೋಡುತ್ತಾ ಒಳಗೆ ಬಂದಳು. ನನ್ನ ಅಕ್ಕ. ಒಬ್ಬಳೇ. ಎರಡು ಬಸ್ಸು ಬದಲಿಸಿ, ಬೋರ್ಡು ತಾನೇ ಓದಿಕೊಂಡು ಬಂದಿದ್ದಾಳೆ. ಇಷ್ಟು ವರ್ಷ ಯಾರದ್ದಾದರೂ ತೋಳು ಹಿಡಿಯದೆ ಬಾಗಿಲು ದಾಟದಿದ್ದವಳು! ನಾನು ಕುರ್ಚಿಯಿಂದ ಏಳಲು ಒದ್ದಾಡುವಷ್ಟರಲ್ಲಿ ಹತ್ತಿರ ಬಂದು, ಕನ್ನಡಕ ತೆಗೆದು, ಗಲ್ಲ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದಳು. ಅವಳ ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದರು, ಅದಕ್ಕೇ ನಾನೂ ಹಲ್ಲು ಕಚ್ಚಿಕೊಂಡೆ. "ಅಯ್ಯೋ, ನೀನು ಥೇಟ್ ಅಮ್ಮನ ಥರಾನೇ ಆಗಿಬಿಟ್ಟಿದ್ದೀಯಲ್ಲೇ" ಎಂದಳು. ಆಮೇಲೆ ಇನ್ನೂ ಸ್ವಲ್ಪ ಹತ್ತಿರದಿಂದ ನೋಡಿ, "ಅಮ್ಮಂಗೆ ಮೀಸೆ ಇರ್ಲಿಲ್ಲ, ಅಷ್ಟೇ" ಎಂದಳು. ನಮ್ಮ ಮನೆಯಲ್ಲಿ ಗಾಡಿಗೇ ಮೀಸೆ ಬಂದಿರುವಾಗ ನನ್ನದೇನು ಹೆಚ್ಚು ಎಂದು ನಾನೂ ಬಿಡಲಿಲ್ಲ.

ಆಮೇಲೆ, ಮಾನ್ಯರೇ, ಅವಳು ಕೂರಲು ಜಾಗ ಹುಡುಕುತ್ತಾ ಸುತ್ತ ನೋಡಿ, ನೇರವಾಗಿ ಬಂದು ತಮ್ಮ ಮೂಗಿನ ಮೇಲೆ ಕೂತಳು. "ನಿನ್ನ ಮಗ ಜಾಣ ಕಣೇ, ನೆರಳಲ್ಲಿ ಎಷ್ಟು ಗಟ್ಟಿ ಬೆಂಚು ಹಾಕ್ಸಿದ್ದಾನೆ! ಬಾ" ಎಂದು ನನ್ನನ್ನೂ ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಸುಳ್ಳು ಹೇಳಲಾರೆ, ಪ್ಲಾಸ್ಟಿಕ್ ಕುರ್ಚಿಯಿಂದ ಏಳಲು ನನಗೆ ಸೊಸೆ ಬೇಕು, ದೇವರೂ ಬೇಕು. ತಮ್ಮ ಮೇಲೆ ಮಂಡಿ ಮಡಚದೇ ಕೂತೆ, ಯಾರನ್ನೂ ಕೂಗದೇ ಎದ್ದೆ, ನಂಬಿಕೆ ಬಾರದೆ ಮತ್ತೆ ಕೂತೆ. ನನ್ನ ಕಾಲಿನ ಅಳತೆಗೆ ಸರಿಯಾಗಿ ಕೂತ ಆಸನ ಈ ಮನೆಯಲ್ಲಿ ತಾವೊಬ್ಬರೇ. ಸಂಜೆಯವರೆಗೂ ಇಬ್ಬರೂ ಅಲ್ಲೇ ಕೂತು, ಕಡಲೆಕಾಯಿ ಬಿಡಿಸುತ್ತಾ, ಸತ್ತವರನ್ನೂ ಬಿಡದೆ ಆಡಿಕೊಂಡೆವು.

ಹೊತ್ತು ಇಳಿಯುವಾಗ ಮಗ ವೆಲ್ಡರನ್ನೂ ಕಬ್ಬಿಣ ಕತ್ತರಿಸುವ ಯಂತ್ರವನ್ನೂ ಕರೆದುಕೊಂಡು ಬಂದ. ನಾನು ಊಟ ಬಿಟ್ಟದ್ದನ್ನು ಸೊಸೆ ಅವನಿಗೆ ಹೇಳಿದ್ದಳಂತೆ. "ಅಮ್ಮ, ಏಳು. ಇದು ಬೇಡ. ಪೂರ್ತಿ ತೆಗೆಸಿಬಿಡ್ತೀನಿ, ನಾಳೆ ದೊಡ್ಡಮ್ಮನ ಮನೆಗೆ ಹೋಗೋಣ" ಎಂದ, ನೆಲ ನೋಡಿಕೊಂಡು. ಅವನ ದೊಡ್ಡಮ್ಮ ಕೂತಲ್ಲಿಂದಲೇ ಮೂತಿ ಚಾಚಿ, "ಕೂತೋರನ್ನ ಎಬ್ಬಿಸ್ತೀಯೇನೋ? ಅಂಗಿ ದೊಡ್ಡದಾದ್ರೆ ಅಂಗೀನೇ ಹರಿದು ಬಿಸಾಕ್ತೀಯಾ? ಪಕ್ಕ ಹಿಡಿಸ್ತೀಯಲ್ಲ, ಇದಕ್ಕೂ ಹಿಡಿಸು" ಎಂದಳು. ಮಗ ಜೇಬಿನಿಂದ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಈ ಸಲ ಮೊದಲು ಬಾಗಿಲು ಅಳೆದು, ತಮ್ಮ ಎರಡೂ ಭುಜಗಳ ಮೇಲೆ ಗೆರೆ ಎಳೆದ, ಪ್ರತಿ ಪಕ್ಕಕ್ಕೂ ಕಂಬ ತಾಗದಷ್ಟು ಸಡಿಲ ಬಿಟ್ಟು.

ಹಾಗಾಗಿ ನಾಳೆ ಬೆಳಿಗ್ಗೆ ತಮ್ಮ ಭುಜಗಳು ಹೋಗುತ್ತವೆ, ಮೂಗು ಉಳಿಯುತ್ತದೆ. ಇಂದು ರಾತ್ರಿ ಅಕ್ಕ ನಮ್ಮಲ್ಲೇ ಇರುತ್ತಾಳೆ, ನಾಳೆ ಅವಳನ್ನು ಬಿಡಲು ನಾನೇ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತೇನೆ. ಸಂಜೆ ಗಾಡಿ ಮರಳಿ ಬಂದ ಮೇಲೆ ಮೂಗನ್ನು ಬಾಗಿಲಿನಿಂದ ಹೊರಕ್ಕೆ ಚಾಚಿಯೇ ನಿಲ್ಲಿಸಬೇಕೆಂದು ಮಗನಿಗೆ ಹೇಳಿದ್ದೇನೆ. ತಮ್ಮ ಹಣೆಬರಹದಲ್ಲಿ ಗುಡ್ಡ ಇಲ್ಲ, ಇಬ್ಬರು ಮುದುಕಿಯರ ಭಾರ ಇದೆ. ದಯವಿಟ್ಟು ಬೇಸರ ಮಾಡಿಕೊಳ್ಳಬಾರದು.

ಇಂತು, ತಮ್ಮ ಮೂಗಿನ ಮೇಲೆಯೇ ಕೂತು ಇದನ್ನು ಬರೆದು ಮುಗಿಸಿದ,
ತಮ್ಮ ವಿಶ್ವಾಸಿ,
ದರ್ಜಿಯ ತಾಯಿ

ತಾ.ಕ.: ಕಾಗದವನ್ನು ಅಕ್ಕನೇ ತನ್ನ ಹೊಸ ಕಣ್ಣಿನಲ್ಲಿ ಒಮ್ಮೆ ಓದಿ, ತಮಗೆ ಇಷ್ಟೊಂದು ಮರ್ಯಾದೆ ಯಾಕೆ ಎಂದು ಕೇಳಿದಳು. ಬಂಡೆ, ಹೊಳೆ, ಗುಡ್ಡ ಎಲ್ಲ ದಾಟುವವರಂತೆ ಎಂದೆ. ಅವಳು ಈ ಊರನ್ನು ಆ ತುದಿಯಿಂದ ಈ ತುದಿಗೆ ದಾಟಿ ಬಂದಳಲ್ಲ, ಅವಳ ಮುಂದೆ ಯಾವ ಬಂಪರ್ ಕಟ್ಟಿತ್ತು ಎಂದು ತಾವು ಕೇಳಬಹುದು. ಒಂದು ಕೈಚೀಲ ಇತ್ತು. ಅದರಲ್ಲಿ ನನಗೆಂದು ತಂದ ಕಡಲೆಕಾಯಿ ಇತ್ತು.