ನಾನು ಆರಿಸಿ ತಂದ ರಸಮಟ್ಟ

ಅಡುಗೆಮನೆಯ ಗೋಡೆಗೆ ಕಡಪಾ ಕಲ್ಲಿನ ಮೂರು ಹಲಗೆ ಕೂಡಿಸುವುದೆಂದು ನಿಶ್ಚಯವಾದ ದಿನವೇ ನಾನು ಘೋಷಿಸಿಬಿಟ್ಟೆ: ಶಿಗ್ಗಾವಿಯಲ್ಲಿ ಎಲ್ಲರ ಮನೆಯ ಹಲಗೆಗಳೂ ಕಣ್ಣಳತೆಯ ಮೇಲೆ ನಿಂತಿವೆ, ನನ್ನ ಮನೆಯವು ವಿಜ್ಞಾನದ ಮೇಲೆ ನಿಲ್ಲುತ್ತವೆ! ಹೈಸ್ಕೂಲಿನಲ್ಲಿ ಹದಿನಾರು ವರ್ಷ ಗಣಿತ ಕಲಿಸಿದವನು ಬೇರೇನು ಹೇಳಿಯಾನು? ಡಬ್ಬಿ ಇಡಲಿಕ್ಕೆ ವಿಜ್ಞಾನ ಯಾಕೆ, ಹಲಗೆ ಇದ್ದರೆ ಸಾಕು ಎಂದಳು ನನ್ನ ಹೆಂಡತಿ ಗುತ್ತೆವ್ವ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕೆಲಸಕ್ಕೆ ಗೊತ್ತಾದವರು ಹುಲಗೂರಿನ ಗೌಂಡಿ ಶೇಖಸಾಬರು. ಅರವತ್ತರ ಹತ್ತಿರದ ವಯಸ್ಸು. ಅವರು ಎಡಗಣ್ಣು ಮುಚ್ಚಿ ಒಮ್ಮೆ ನೋಡಿದರೆ ಸಾಕು, ಗೋಡೆ ಹೆದರಿ ನೆಟ್ಟಗಾಗುತ್ತದೆ ಎಂದು ಜನ ಹೇಳುತ್ತಿದ್ದರು. ಅವರ ಚೀಲದಲ್ಲಿ ಗಾರೆ ಮೆತ್ತುವ ಕರಣಿ, ದಾರ, ತೂಗುಗುಂಡು ಇದ್ದವು. ರಸಮಟ್ಟವನ್ನು ಅವರು ಎಂದೂ ಕೈಯಲ್ಲಿ ಹಿಡಿದವರಲ್ಲ.

ನಾನು ಹುಬ್ಬಳ್ಳಿಗೆ ಹೋದೆ. ಅಂಗಡಿಯವನು ಮೂರು ರಸಮಟ್ಟಗಳನ್ನು ಮುಂದಿಟ್ಟ. ಮರದ ಪಟ್ಟಿಯ ನಡುವೆ ಗಾಜಿನ ನಳಿಕೆ, ಅದರೊಳಗೆ ರಸ, ರಸದಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಮಟ್ಟ ಸರಿ. ಹಿಂದುಮುಂದು ತಿರುವಿ ಇಟ್ಟು ನೋಡಿ, ಎರಡೂ ಸಲ ಗುಳ್ಳೆ ಒಂದೇ ಕಡೆ ನಿಲ್ಲುವುದನ್ನು ಆರಿಸಿಕೊಳ್ಳಿ ಎಂದು ಅವನು ಹೇಳಿದ. ಗಣಿತದ ಮಾಸ್ತರನಿಗೆ ಅಂಗಡಿಯವನಿಂದ ಪಾಠ! ನಾನು ತಿರುವಿ ನೋಡದೆ, ಹಿತ್ತಾಳೆ ಅಂಚು ಚೆನ್ನಾಗಿ ಹೊಳೆಯುತ್ತಿದ್ದುದನ್ನು ಆರಿಸಿ, ಕೂಸಿನಂತೆ ಎದೆಗವಚಿಕೊಂಡು ಬಸ್ಸು ಹತ್ತಿದೆ.

ಮರುದಿನ ಶೇಖಸಾಬರು ಮೊದಲ ಕಲ್ಲು ಕೂಡಿಸಿ ಕೈ ಒರೆಸಿಕೊಂಡರು. ನಾನು ಪಟ್ಟಿಯ ಮೇಲಿನ ಕಂಪನಿಯ ಮುದ್ರೆ ನಮ್ಮ ಕಡೆ ಕಾಣುವಂತೆ ರಸಮಟ್ಟವನ್ನು ಅದರ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಓಡಿತು. ತಟ್ಟೆಯಲ್ಲಿ ನೀರು ಹಾಕಿ ಇಟ್ಟು ನೋಡೋಣವೇ ಎಂದು ಅವರು ಕೇಳಿದರು. ನೀರು ಗದ್ದೆಗೆ, ರಸ ಗೋಡೆಗೆ ಎಂದು ನಾನು ಸಣ್ಣದೊಂದು ಭಾಷಣ ಮಾಡಿದೆ. ಅವರು ಕಲ್ಲು ಕಿತ್ತರು. ಮತ್ತೆ ಕೂಡಿಸಿದರು, ಮತ್ತೆ ಕಿತ್ತರು. ಮೂರು ದಿನಗಳಲ್ಲಿ ಮೂರು ಕಲ್ಲುಗಳೂ ಗುಳ್ಳೆಯ ಮಾತು ಕೇಳಿದವು. ಕೊನೆಗೆ ಶೇಖಸಾಬರು ಬಾಗಿಲಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು.

"ನನಗ ಕಲ್ಲು ಓರೆ, ವಾರಿ ಕಾಣಾಕತ್ತೈತ್ರಿ ಮಾಸ್ತರ," ಎಂದರು. "ಅಂದ್ರ ನನ್ನ ಕಣ್ಣ ವಾರಿ ಆಗ್ಯಾವ."

ನಾನು ವಯಸ್ಸಾದ ಮೇಲೆ ಎಲ್ಲರಿಗೂ ಹಾಗೇ ಎಂದು ದೊಡ್ಡ ಮನಸ್ಸಿನಿಂದ ಸಮಾಧಾನ ಹೇಳಿದೆ. ಅವರು ಗುತ್ತೆವ್ವ ಕೊಟ್ಟ ಚಹಾ ಅರ್ಧ ಕುಡಿದು ಹೋದರು.

ನಾಲ್ಕು ತಿಂಗಳಾದವು. ಒಂದು ಮಧ್ಯಾಹ್ನ ಗುತ್ತೆವ್ವ ಮೇಲಿನ ಹಲಗೆಯಲ್ಲಿ ಐದು ಲಿಂಬೆಹಣ್ಣು ಇಟ್ಟಳು. ಐದೂ ಒಂದರ ಹಿಂದೊಂದು ಉರುಳಿ, ಒಲೆಯ ಮೇಲಿದ್ದ ಸಾರಿನೊಳಗೆ ಬಿದ್ದವು. ಲಿಂಬೆಹಣ್ಣು ಪೂರ್ತಿ ದುಂಡಗಿರುವುದಿಲ್ಲ ಎಂದು ನಾನು ವಾದಿಸಿದೆ. ಅವಳು ರಸಮಟ್ಟ ತಂದು ಹಲಗೆಯ ಮೇಲಿಟ್ಟಳು, ಮುದ್ರೆ ಗೋಡೆಯ ಕಡೆಗೆ ಮಾಡಿ. ಗುಳ್ಳೆ ತುದಿಗೆ ಹೋಗಿ ಕುಳಿತಿತು. ತಿರುವಿ ಇಟ್ಟರೆ ನಡುವೆ ಬಂದಿತು. ಕಲ್ಲು ಅದೇ, ಗೋಡೆ ಅದೇ. ಸುಳ್ಳು ಹೇಳುತ್ತಿದ್ದುದು ನಾನು ಆರಿಸಿ ತಂದ ಸಾಮಾನು.

ಆಗ ಶೇಖಸಾಬರು ತಮ್ಮ ಕಣ್ಣನ್ನೇ ದೂರಿದ್ದು ನೆನಪಾಗಿ, ರಸಮಟ್ಟವನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಸಂಜೆಯೊಳಗೆ ಹುಲಗೂರು ಮುಟ್ಟಿದೆ. ಅವರು ದರ್ಗಾದ ಹತ್ತಿರ ತಮ್ಮನ ಅಂಗಡಿಯಲ್ಲಿ ಕುಳಿತು ಸಕ್ಕರೆ ಪೊಟ್ಟಣ ಕಟ್ಟುತ್ತಿದ್ದರು. ನಮ್ಮ ಮನೆಯಿಂದ ಬಂದ ಮರುದಿನವೇ ಕೆಲಸ ಬಿಟ್ಟು, ಕರಣಿಯನ್ನು ಯಾರಿಗೋ ಕೊಟ್ಟುಬಿಟ್ಟಿದ್ದರಂತೆ. ಅವರ ಹೆಂಡತಿ ಅಖ್ತರುನ್ನೀಸಾ ಅಂಗಡಿಯ ಹಿಂದಿನ ಮನೆಯೊಳಗಿನಿಂದಲೇ ಹೇಳಿದರು: "ದಿನಾ ಮುಂಜಾನೆ ಎದ್ದು, ಕಣ್ಣ ಸರಿ ಕಾಣ್ತಾವೇನಂತ ಮುಖದ ಮುಂದ ಕೈ ಹಿಡಕೊಂಡು ಬೆರಳು ಎಣಸ್ತಾರ್ರಿ."

ನಾನು ರಸಮಟ್ಟವನ್ನು ಕಟ್ಟೆಯ ಮೇಲೆ ಎರಡೂ ಕಡೆ ತಿರುವಿ ತೋರಿಸಿದೆ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ.

"ನಲವತ್ತ ವರ್ಷದ ಕಣ್ಣ ಬಿಟ್ಟು ಮೂರ ದಿನದ ಗಾಜು ನಂಬಿದ್ನಲ್ರಿ," ಎಂದರು. "ತಪ್ಪು ನಂದ."

ಕೈಕಾಲು ಹಿಡಿಯುವಷ್ಟು ಬೇಡಿಕೊಂಡ ಮೇಲೆ ಮುಂದಿನ ವಾರ ಬಂದರು. ಕರಣಿ ಎರವಲು ತಂದಿದ್ದರು. ಹಳೆಯ ಕಲ್ಲು ಕಿತ್ತು, ದಾರ ಎಳೆದು, ಮೊದಲನೆಯದನ್ನು ಕೂಡಿಸಿ, ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮಟ್ಟ ಸರಿಯೇ ಎಂದು ಯಾರನ್ನೂ ಯಾವತ್ತೂ ಕೇಳದ ಮನುಷ್ಯ ನನ್ನನ್ನು ಕೇಳಿದರು:

"ಸರಿ ಐತೇನ್ರಿ ಮಾಸ್ತರ?"

ಒಲೆಯ ಮುಂದಿದ್ದ ಗುತ್ತೆವ್ವ ಎದ್ದು ಬಂದಳು.

"ಇವರನ್ನೇನ ಕೇಳ್ತೀರಿ ಸಾಬರ? ಇವರಿಗೆ ಹಲಗಿಗೂ ಜಾರಬಂಡಿಗೂ ಫರಕ ಗೊತ್ತಿಲ್ಲ."

ಶೇಖಸಾಬರು ನಕ್ಕರು. ನಕ್ಕು, ಎರಡನೆಯ ಕಲ್ಲು ಕೂಡಿಸಿ, ಸರಿ ಇದೆಯೇ ಎಂದು ಕೇಳುವವರಂತೆ ಮತ್ತೆ ನನ್ನ ಕಡೆಗೇ ನೋಡಿದರು.